ಕುಂಕುಮವಿಟ್ಟ ಗುಂಡಿಗಳು

ಯಂತ್ರಗಳ ಮುಂದೆ ನಾನು ಧೈರ್ಯಸ್ಥನಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದೇನೆ, ಶಬ್ದತರಂಗಗಳ ಬಗ್ಗೆ ಎಂಟು ಪುಟ ಉತ್ತರ ಬರೆದು ಪಾಸಾಗಿದ್ದೇನೆ. ಆದರೂ ಮಂಡ್ಯದ ನಮ್ಮ ಮನೆಯಲ್ಲಿ ಮಿಕ್ಸಿ ತಿರುಗಿಸುವವಳು ಹೆಂಡತಿಯೇ. ಈ ಸತ್ಯ ಮಾವನ ಮನೆಯವರಿಗೆ ಮಾತ್ರ ಗೊತ್ತಿಲ್ಲ. ಚಿಕ್ಕರಸಿನಕೆರೆ ಹತ್ತಿರದ ಆ ಊರಿನಲ್ಲಿ ನಾನು ಇವತ್ತಿಗೂ 'ಓದಿದ ಅಳಿಯ'. ಬಲ್ಬು ಉರಿಯದಿದ್ದರೂ ನನ್ನ ಮುಖವನ್ನೇ ನೋಡುತ್ತಾರೆ.

ಹೆಂಡತಿಯ ತಮ್ಮ ಸಿದ್ದರಾಜುವಿಗೆ ಒಂದು ಸ್ಟೀರಿಯೊ ಆಂಪ್ಲಿಫೈಯರ್ ಇದೆ. ಟ್ರ್ಯಾಕ್ಟರಿಗೆ ಸಲ್ಲುವ ಮರ್ಯಾದೆಯೇ ಅದಕ್ಕೂ ಸಲ್ಲುತ್ತದೆ. ಹೋದ ವರ್ಷದ ಆಯುಧಪೂಜೆಯಲ್ಲಿ ನಮ್ಮ ಅತ್ತೆ, ಮನೆಯ ಕುಡುಗೋಲು, ಪಂಪ್‌ಸೆಟ್ಟಿನ ಸ್ಟಾರ್ಟರ್ ಎಲ್ಲಕ್ಕೂ ಕುಂಕುಮ ಇಟ್ಟು, ಇದರ ಪ್ರತಿ ಗುಂಡಿಗೂ, ಗುಂಡಿಯ ಕೆಳಗಿನ ಅಕ್ಷರಕ್ಕೂ ಧಾರಾಳವಾಗಿ ಒಂದೊಂದು ಬೊಟ್ಟು ಇಟ್ಟಿದ್ದರು. ದೇವರ ಕುಂಕುಮವನ್ನು ಒರೆಸುವುದುಂಟೆ? ಹಾಗೆಯೇ ಒಣಗಿ ಕಚ್ಚಿಕೊಂಡಿತ್ತು. ಯಾವುದು ವಾಲ್ಯೂಮು, ಯಾವುದು ಬಾಸು ಎಂಬುದು ಸಿದ್ದರಾಜುವಿನ ಬೆರಳಿಗೆ ಮಾತ್ರ ಗೊತ್ತಿತ್ತು.

ನಾನೂ ಹೆಂಡತಿಯೂ ಅಲ್ಲಿಗೆ ಹೋಗಿದ್ದ ಒಂದು ಭಾನುವಾರ ಮಧ್ಯಾಹ್ನ ಅವನು ಹೊಸ ಬಾಸ್ ಪೆಟ್ಟಿಗೆ ತಂದು, ಹಜಾರದಲ್ಲಿ ಅಡುಗೆಮನೆಯ ಗೋಡೆಗೆ ಒತ್ತಿ ನಿಲ್ಲಿಸಿ, ಹಾಡು ಹಾಕಿದ.

"ಭಾವ, ನೀವು ಓದ್ದೋರು, ಗುಂಡಿ ತಾವ ಕೂತ್ಕಳಿ. ನಾನು ಬೀದಿ ಕೊನೆಗೋಗಿ ಕೇಳುಸ್ಕತೀನಿ. ಕೈ ಎತ್ತುದ್ರೆ ಜಾಸ್ತಿ ಮಾಡಿ."

"ಯಾವ ಗುಂಡಿನಪ್ಪ?"

"ಅದೇ ಭಾವ, ಅದೇ!" ಎನ್ನುತ್ತಲೇ ಹೊರಟುಹೋದ.

ಬೀದಿ ಕೊನೆಯಲ್ಲಿ ಕೈ ಮೇಲೆದ್ದಿತು. ನಾನು ಯಾವುದೋ ಒಂದನ್ನು ತಿರುಗಿಸಿದೆ. ನೆಲ ನಡುಗಿತು. ಖುಷಿಯಾಗಿ ಅಡುಗೆಮನೆಯ ಕಡೆ ತಿರುಗಿದರೆ, ಅಲ್ಲಿ ಅತ್ತೆ ನೆಲದ ಮೇಲೆ ಕೂತು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಮುದ್ದೆ ತಿರುವುತ್ತಿದ್ದಾರೆ. ಅವರ ತಲೆಯ ನೇರಕ್ಕೆ, ಸಜ್ಜೆಯ ಮೇಲೆ, ತಾಮ್ರದ ಖಾಲಿ ಹಂಡೆ. ಅದು ನಡೆಯುತ್ತಿತ್ತು! ಒಂದು ಧಂ, ಒಂದು ಹೆಜ್ಜೆ. ಈಗಲೂ ಕಣ್ಣು ಮುಚ್ಚಿದರೆ ಆ ಹಂಡೆ ನಡೆಯುತ್ತದೆ.

"ಅತ್ತೆ, ಏಳಿ!" ಎಂದು ಕಿರುಚಿದೆ. ನನ್ನ ಕಿರುಚಾಟ ನನಗೇ ಕೇಳಿಸಲಿಲ್ಲ. ಒಂದು ಗುಂಡಿಯನ್ನು ಎಡಕ್ಕೆ ತಿರುಗಿಸಿದೆ. ಹಾಡಿನ ಮಾತೆಲ್ಲ ಮಸುಕಾಗಿ ಬರೀ ಧಂ ಉಳಿಯಿತು. ಹಂಡೆ ಸಜ್ಜೆಯ ಅಂಚಿಗೆ ಬಂತು. ಇನ್ನೊಂದನ್ನು ಹಿಡಿಯುವಷ್ಟರಲ್ಲಿ ಎಡ ಯಾವುದು ಬಲ ಯಾವುದು ಎಂಬುದೂ ಮರೆತು, ಪೂರ್ತಿ ತಿರುಗಿಸಿಬಿಟ್ಟೆ.

ಎಂಥ ಸದ್ದು ಅಂತೀರಿ! ಅತ್ತೆ ಮುದ್ದೆಕೋಲು ಹಿಡಿದೇ ಎದ್ದು, ನನ್ನ ಬೆನ್ನ ಹಿಂದೆ ನುಗ್ಗಿ ಬಂದು ಕಿವಿಯ ಹತ್ತಿರವೇ ಕೂಗಿದರು. "ಲೇ ಸಿದ್ದ, ಕಮ್ಮಿ ಮಾಡ್ಲಾ! ಒಟ್ಟೆ ಒಳ್ಗೆ ಕುಟ್ದಂಗಾಯ್ತದೆ, ನಿನ್ ಮನೆ..." ಎಂದವರು ನನ್ನನ್ನು ಕಂಡು, "ಅಯ್ಯೋ, ಅಳಿಯಂದ್ರಾ!" ಎಂದು ಕೋಲನ್ನು ಸೆರಗಿನ ಹಿಂದೆ ಮುಚ್ಚಿಟ್ಟುಕೊಂಡರು. ಅದೇ ಕ್ಷಣಕ್ಕೆ ಹಂಡೆ ಬಿತ್ತು, ನೇರ ಮುದ್ದೆಯ ಪಾತ್ರೆಯ ಮೇಲೆ. ಪಾತ್ರೆ ಅಪ್ಪಚ್ಚಿ. ಅತ್ತೆ ಒಮ್ಮೆ ಹಂಡೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ಇನ್ನೂ ಗುಂಡಿ ಹಿಡಿದೇ ಕೂತಿದ್ದೆ.

"ನನ್ನ ಎಬ್ಬುಸ್ಬೇಕು ಅಂತ್ಲೇ ಜೋರ್ ಮಾಡುದ್ರಾ ಅಳಿಯಂದ್ರೆ?" ಎಂದು ಕಣ್ಣು ಒರೆಸಿಕೊಂಡರು. "ಓದ್ದೋರ ಬುದ್ಧಿನೇ ಬುದ್ಧಿ ಕಣಮ್ಮ!" ಎಂದು ಮಗಳಿಗೆ ಹೇಳಿದರು. ಹೆಂಡತಿ ನನ್ನನ್ನು ಎಂದೂ ನೋಡದ ಗೌರವದಿಂದ ನೋಡಿದಳು. ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ನೀರು ತಂದುಕೊಟ್ಟರು, ಕುಡಿದೆ. ಆ ಕಥೆ ಈಗ ಮದ್ದೂರು ದಾಟಿ ಮಳವಳ್ಳಿಯ ನೆಂಟರವರೆಗೂ ಹೋಗಿದೆ.

ಹಂಡೆ ಬಿದ್ದೊಡನೆ ಓಡಿ ಬಂದಿದ್ದ ಸಿದ್ದರಾಜು ಮಾತ್ರ ಕೂಗಾಡದೆ ಬಗ್ಗಿ, ನನ್ನ ಮೊಣಕಾಲ ಪಕ್ಕದಲ್ಲೇ ಇದ್ದ ಗೋಡೆಯ ಸ್ವಿಚ್ಚನ್ನು ಟಕ್ಕೆಂದು ಆರಿಸಿದ್ದ.

ಈ ಸಲದ ಆಯುಧಪೂಜೆಗೆ ಹೋದಾಗ ನೋಡಿದೆ. ಆಂಪ್ಲಿಫೈಯರಿನ ಗುಂಡಿಗಳನ್ನೆಲ್ಲ ಅವನು ಉಜ್ಜಿ ತೊಳೆದಿದ್ದ, ಅಕ್ಷರಗಳು ಹೊಳೆಯುತ್ತಿದ್ದವು. ಇಡೀ ಯಂತ್ರಕ್ಕೆ ಒಂದೇ ಒಂದು ಬೊಟ್ಟು, ಗೋಡೆಯ ಆ ಸ್ವಿಚ್ಚಿನ ಮೇಲೆ, ಅಂಗೈಯಗಲ. "ಇದೇನ್ಲಾ, ಒಂದೇ ಕಡೆ ಇಷ್ಟ್ ದಪ್ಪಕ್ಕೆ ಮೆತ್ತಿದ್ದೀಯ?" ಎಂದು ಅತ್ತೆ ಗದರಿದರು.

"ಸುಮ್ನಿರವ್ವ, ಓದ್ದೋರ್ಗೆ ಕಾಣ್ಲಿ ಅಂತ," ಎಂದ ಸಿದ್ದರಾಜು. ನಾನು ಭಕ್ತಿಯಿಂದ ಆ ಸ್ವಿಚ್ಚಿಗೆ ಕೈಮುಗಿದೆ.