ಸುಂದರೇಶನಿಗೆ ಅಜ್ಜ ಸಿಕ್ಕಿದ್ದು

ಪ್ರತಿ ಮಹಾಲಯ ಅಮಾವಾಸ್ಯೆಗೆ ಗಡಿಯಾರ ರಿಪೇರಿಯ ಸುಂದರೇಶ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಎಳ್ಳುನೀರು ಬಿಡಲು ಕೂತಾಗ ಒಂದೇ ಕಡೆ ತೊಡಕಾಗುತ್ತಿತ್ತು. ಅಪ್ಪನ ಹೆಸರಾದ ಮೇಲೆ ಪುರೋಹಿತರು ಅಜ್ಜನ ಹೆಸರು ಕೇಳುತ್ತಿದ್ದರು. ಅಜ್ಜಿ ಅದನ್ನು ಯಾರಿಗೂ ಹೇಳದೆ ತೀರಿಕೊಂಡಿದ್ದಳು. ಪುರೋಹಿತರು ಒಳ್ಳೆಯವರು, ಆ ಜಾಗದಲ್ಲಿ ಒಮ್ಮೆ ಕೆಮ್ಮಿ ಮುಂದಕ್ಕೆ ಹೋಗುತ್ತಿದ್ದರು.

ಹೆಣ್ಣು ಕೊಡಲು ಬಂದವರು ಮಾತ್ರ ಕೆಮ್ಮಿ ಎದ್ದೇ ಹೋಗುತ್ತಿದ್ದರು. ಹಾಗಾಗಿ ಐವತ್ತು ದಾಟಿದರೂ ಸುಂದರೇಶ ಒಂಟಿ. ಅಂಗಡಿ ತುಂಬ ಗಡಿಯಾರಗಳಿದ್ದರೂ ಊಟದ ಹೊತ್ತಾಯಿತು ಎಂದು ಕರೆಯುವವರು ಒಬ್ಬರೂ ಇರಲಿಲ್ಲ.

ಉಗುಳು ಕಳಿಸಿದರೆ ನೆಂಟರನ್ನು ಹುಡುಕಿಕೊಡುತ್ತಾರೆ ಎಂದು ಫೋನಿನಲ್ಲಿ ಓದಿ ಡಿಎನ್‌ಎ ಪರೀಕ್ಷೆಯ ಪೆಟ್ಟಿಗೆ ತರಿಸಿದ. ಪುಟ್ಟ ನಳಿಗೆಯನ್ನು ಗೆರೆಯವರೆಗೆ ತುಂಬಿಸಲು ಅರ್ಧ ದಿನ ಹಿಡಿಯಿತು. ಯಾರ ಕೆಲಸಕ್ಕೂ ಕರೆಯದೆ ಬರುವ ಪಕ್ಕದ ಅಂಗಡಿಯ ಪುಟ್ಟಪ್ಪ, ಕೊರಿಯರಿಗೆ ತಾನೇ ಹಾಕುತ್ತೇನೆಂದು ಒಯ್ದ.

ಈ ಸಲ ಮಹಾಲಯದ ಹಿಂದಿನ ಸಂಜೆ ಉತ್ತರ ಬಂತು. ಕೊಪ್ಪದ ಗಣಪತಿ ಎಂಬವರ ಡಿಎನ್‌ಎ ಹೊಂದುತ್ತದೆ, ಇಬ್ಬರಿಗೂ ಅಜ್ಜ ಒಬ್ಬನೇ ಇರಬಹುದು. ಮೆಸೇಜು ಹಾಕಿದರೆ 'ಮನೆಗೆ ಬನ್ನಿ' ಎಂದರು. ಸುಂದರೇಶ ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿದ.

ಗಣಪತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕಿವಿ ನಮ್ಮಜ್ಜಂದೇ," ಎಂದವರು, ಗೋಡೆಯ ಮೇಲಿನ ತಮ್ಮ ಅಜ್ಜಿಯ ಫೋಟೊ ನೋಡಿ ದನಿ ತಗ್ಗಿಸಿದರು. "ಅಜ್ಜ ಪರಮಶಿವಯ್ಯ ವ್ಯಾಪಾರ ಅಂತ ಶೃಂಗೇರಿಗೆ ಹೋದ್ರೆ ವಾರಗಟ್ಲೆ ಬರ್ತಿರ್ಲಿಲ್ಲ. ಎಂತ ವ್ಯಾಪಾರ ಅಂತ ಈಗ ಗೊತ್ತಾಯ್ತು. ಇನ್ನು ಬರ್ತಾ ಇರು ಮಾರಾಯ. ಹತ್ರದ ನೆಂಟ ಅಂತ ಇದ್ದವ ಒಬ್ಬ, ಜಾಗದ ಜಗಳದಲ್ಲಿ ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು."

ಎಳ್ಳುನೀರು ಬಿಡದೆ ತಿನ್ನುವಂತಿಲ್ಲವೆಂದು ಗಣಪತಿಯ ಹೆಂಡತಿ ಕಡುಬನ್ನು ಡಬ್ಬಿಗೆ ಹಾಕಿಕೊಟ್ಟಳು. "ಆಮೇಲೆ ತಿನ್ನಿ ಭಾವ," ಎಂದಳು. ಸುಂದರೇಶನನ್ನು ಹಾಗೆ ಯಾರೂ ಕರೆದಿರಲಿಲ್ಲ. ಕಣ್ಣೊರೆಸಿಕೊಳ್ಳಲು ಅವನು ಬಗ್ಗಿ ಚಪ್ಪಲಿ ಹುಡುಕಿದ.

ಮಧ್ಯಾಹ್ನ ಹೊಳೆಯ ಮೆಟ್ಟಿಲಲ್ಲಿ ಪುರೋಹಿತರು, "ಅಜ್ಜನ ಹೆಸರು?" ಎಂದು ಕೇಳಿ ಕೆಮ್ಮಲು ಬಾಯಿ ತೆರೆದರು.

"ಪರಮಶಿವಯ್ಯ," ಎಂದ ಸುಂದರೇಶ, ಆಚೆ ದಡಕ್ಕೂ ಕೇಳುವಂತೆ. "ಕೊಪ್ಪದ ಗಣಪತಿಯವರ ಅಜ್ಜ."

ಪಕ್ಕದಲ್ಲಿ ತನ್ನ ಎಳ್ಳುನೀರು ಮುಗಿಸಿ ಏಳುತ್ತಿದ್ದ ಪುಟ್ಟಪ್ಪ ಅಲ್ಲೇ ನಿಂತ.

"ಅದು ನನ್ನಜ್ಜ ಮಾರಾಯ, ಅಮ್ಮನ ಅಪ್ಪ. ಗಣಪತಿ ನನ್ನ ಸೋದರಮಾವನ ಮಗ. ನಿಂಗೆ ಹೇಗೆ ಅಜ್ಜ ಆಗ್ತಾನೆ?"

"ಡಿಎನ್‌ಎ ಹೇಳಿದೆ."

ಪುಟ್ಟಪ್ಪ ತಲೆ ಕೆರೆದುಕೊಂಡ. "ಆವತ್ತು ನಿನ್ನ ನಳಿಗೆ ಕೈತಪ್ಪಿ ಚೆಲ್ಲಿಹೋಯ್ತು. ಪಾಪ, ನೀನು ಅರ್ಧ ದಿನ ಒದ್ದಾಡಿದ್ದೆ, ಮತ್ತೆ ಎಂತಕ್ಕೆ ತೊಂದ್ರೆ ಕೊಡದು ಅಂತ ತೊಳ್ದು ನಾನೇ ತುಂಬಿಸ್ದೆ. ಉಗುಳು ಅಲ್ವಾ, ಯಾರದ್ದಾದ್ರೆ ಎಂತ ಅಂದ್ಕೊಂಡೆ."

ಅಷ್ಟರಲ್ಲಿ ಸುಂದರೇಶನ ಫೋನು ಬಡಿದುಕೊಂಡಿತು. "ಮನೆ ಮುಟ್ಟಿದ್ಯಾ?" ಎಂದು ಗಣಪತಿಯ ದನಿ ಜೋರಾಗಿಯೇ ಕೇಳಿಸಿತು.

ಪುಟ್ಟಪ್ಪನ ಮುಖ ಮೆತ್ತಗಾಯಿತು. "ಕೊಡು ಇಲ್ಲಿ. ಅವನ ಸ್ವರ ಕೇಳ್ದೆ ಎಷ್ಟು ವರ್ಷ ಆಯ್ತು."

ಬೈಗುಳದಿಂದ ಶುರುವಾದ ಮಾತು ನಗುವಿಗೆ ಬಂತು, ಆಮೇಲೆ ಅಳುವಿಗೆ. "ಈಗ್ಲೇ ಹೊರಟೆ," ಎನ್ನುತ್ತ ಪುಟ್ಟಪ್ಪ ಫೋನು ಹಿಂದಕ್ಕೆ ಕೊಟ್ಟ. ಕಡುಬಿನ ಡಬ್ಬಿಯನ್ನು ಸುಂದರೇಶನೇ ಅವನ ಕೈಗಿಟ್ಟ.

"ಈಗ ಅಜ್ಜನ ಹೆಸರು ಎಂತ ಹೇಳದು?" ಎಂದು ಕೇಳಿದರು ಪುರೋಹಿತರು.

ಸುಂದರೇಶ ಅಂಗೈಯ ಎಳ್ಳು ನೋಡುತ್ತ, "ಹೋದ ವರ್ಷ ಹೇಳಿದ್ದೇ ಹೇಳಿ," ಎಂದ.

ಪುರೋಹಿತರು ಕೆಮ್ಮಿದರು.