ತುಂಗಭದ್ರೆಯನ್ನೇ ಕಾಣದ ನಕ್ಷೆಯಂತ್ರದ ಸನ್ನಿಧಾನಕ್ಕೆ

ಹರಿಹರ, ಫೆಬ್ರುವರಿ ೧೯೯೯

ದೋಣಿಯ ಮುಂಭಾಗದಲ್ಲಿ ವಿಭೂತಿ ಧರಿಸಿ ವಿರಾಜಮಾನರಾಗಿರುವ, ಆಕಾಶದ ಉಪಗ್ರಹಗಳೊಡನೆ ನೇರ ಬಳಕೆ ಇಟ್ಟುಕೊಂಡಿರುವ, ಟ್ರ್ಯಾಕ್ಟರ್ ಬ್ಯಾಟರಿಯ ಹೊರತು ಬೇರೆ ನೈವೇದ್ಯ ಮುಟ್ಟದ ವಿದ್ಯುನ್ಮಾನ ನಕ್ಷೆಯಂತ್ರ ಮಹಾಶಯರಿಗೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕಸ್ತೂರಮ್ಮನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೇನು, ಮಳೆ ಬಂದರೆ ಮೊದಲು ಪ್ಲಾಸ್ಟಿಕ್ ಹೊದಿಸುವುದು ತಮಗೆ, ಆಮೇಲೆ ಮಕ್ಕಳಿಗೆ. ನಾನಿರುವುದು ನದಿಯ ಆಚೆ ದಡದ ಊರಿನಲ್ಲಿ. ಸೇತುವೆ ಸುತ್ತಿ ಹರಿಹರಕ್ಕೆ ಹೋಗುವ ಬಸ್ಸು ನಮ್ಮೂರಿಗೆ ದಯಮಾಡಿಸುವ ಹೊತ್ತಿಗೆ ಶಾಲೆಯಲ್ಲಿ ಅರ್ಧ ಪಾಠ ಮುಗಿದಿರುತ್ತದೆ. ಹಾಗಾಗಿ ನಮ್ಮೂರ ಹೆಣ್ಣುಮಕ್ಕಳು ಹೈಸ್ಕೂಲು ಓದಬೇಕಾದರೆ ನನ್ನ ಜೊತೆ ತಾವು ಕುಳಿತಿರುವ ಮೋಟಾರು ದೋಣಿಯನ್ನೇ ಹತ್ತಬೇಕು. ಒಬ್ಬೊಬ್ಬ ಅಪ್ಪನ ಕಟ್ಟೆಯ ಮೇಲೂ ಕೂತು, ಗಂಟಲು ಹರಿದುಕೊಂಡು ಒಪ್ಪಿಸಿದವಳು ನಾನು.

ತಾವು ಬರುವ ಮುಂಚೆ ತಮ್ಮ ಪೀಠದಲ್ಲಿ ಒಂದು ದಿಕ್ಸೂಚಿ ಇತ್ತು. ಮಿಲಿಟರಿ ಬಿಟ್ಟು ಬಂದ ನಮ್ಮೂರ ಅಜ್ಜಯ್ಯ ಹಲಗೆಗೆ ಸ್ಕ್ರೂ ಬಿಗಿದು ಕೂರಿಸಿದ್ದ ಹಿತ್ತಾಳೆಯ ಡಬ್ಬಿ ಅದು. ಮಿನುಗುವ ಪರದೆಯಿಲ್ಲ, ಕೀಂ ಕೀಂ ಎನ್ನುವ ಬಾಯಿಯಿಲ್ಲ, ಉತ್ತರ ಎಲ್ಲಿದೆ ಎಂದು ತೋರಿಸುವುದು ಬಿಟ್ಟರೆ ಬೇರೆ ಕಸುಬೇ ಗೊತ್ತಿಲ್ಲದ ಪಾಪದ ಪ್ರಾಣಿ. ಮಂಜು ಕವಿದ ಬೆಳಗ್ಗೆ ಅದರ ಮುಳ್ಳು ನೋಡಿಕೊಂಡು ಹೊರಟರೆ ಆಚೆ ದಡ ತಾನಾಗಿ ಬರುತ್ತಿತ್ತು. ಇಷ್ಟು ಸಾಧಾರಣವಾದದ್ದಕ್ಕೆ ಯಾರು ಹಾರ ಹಾಕುತ್ತಾರೆ ಹೇಳಿ?

ತಮ್ಮನ್ನಾದರೋ ದೋಣಿ ಸಮಿತಿಯ ಅಧ್ಯಕ್ಷರು, ದಾವಣಗೆರೆಯ ಜವಳಿ ವ್ಯಾಪಾರಿ ಮಹಾಂತೇಶ್ ಅವರು, ತಂದೆಯವರ ಸ್ಮರಣಾರ್ಥ ಮುಂಬಯಿಯಿಂದ ತರಿಸಿ, ಆಯುಧಪೂಜೆಯ ದಿನ ಬೂದುಗುಂಬಳ ಒಡೆದು ಪ್ರತಿಷ್ಠೆ ಮಾಡಿದರು. ಆ ಡಬ್ಬಿಯೂ ಇರಲಿ ಎಂದು ನಾನು ಹೇಳಿದಾಗ, "ಒಂದು ದೋಣಿಗೆ ಇಬ್ರು ಯಜಮಾನ್ರು ಯಾಕ್ರಿ ಟೀಚರೇ? ಹಳೇದು ಬ್ಯಾಡ, ಬಿಚ್ರಿ ಅದನ್ನ" ಎಂದು ಅಪ್ಪಣೆಯಾಯಿತು. ಬಿಚ್ಚಿದ್ದನ್ನು ಕಾರಿನಲ್ಲಿಟ್ಟುಕೊಂಡು ಹೋದರು. ದಾವಣಗೆರೆಯ ಆನೆಕೊಂಡದಲ್ಲಿ ಅವರು ಕಟ್ಟಿಸಿದ ಹೊಸ ಮನೆಗೆ ವಾಸ್ತು ನೋಡಿಸಲು ಬೇಕಿತ್ತಂತೆ. ಈಗ ದಾವಣಗೆರೆಯಲ್ಲಿ ವಾಸ್ತುವಿಗಾಗಿ ಬಾಗಿಲು ಕಿತ್ತು ಮತ್ತೊಂದು ಕಡೆ ಇಡದವನನ್ನು ಸಾಹುಕಾರನೆಂದು ಯಾರೂ ಒಪ್ಪುವುದಿಲ್ಲವಲ್ಲ.

ತಮ್ಮ ಪಾಂಡಿತ್ಯದ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಮಂಗಳೂರಿನಿಂದ ಕಾರವಾರದವರೆಗೆ ಅರಬ್ಬೀ ಸಮುದ್ರದ ಆಳ ಅಗಲವೆಲ್ಲ ತಮ್ಮ ಹೊಟ್ಟೆಯಲ್ಲಿದೆ. ಇಲ್ಲದ್ದು ತುಂಗಭದ್ರೆ ಒಂದೇ. ತಮ್ಮ ಪರದೆಯ ಪ್ರಕಾರ ನಾವು ದಿನಾ ಒಣನೆಲದ ಮೇಲೆ ದೋಣಿ ನಡೆಸುವ ಪವಾಡಪುರುಷರು! ಜೊತೆಗೆ ತಾವು ತೋರಿಸುವ ಜಾಗ ನೂರು ಗಜ ಆಚೀಚೆ ಆಗಬಹುದೆಂದು ತಮ್ಮ ಕೈಪಿಡಿಯೇ ಸಣ್ಣಕ್ಷರದಲ್ಲಿ ಒಪ್ಪಿಕೊಂಡಿದೆ. ಸಮುದ್ರಕ್ಕೆ ನೂರು ಗಜ ಯಾವ ಲೆಕ್ಕ? ನಮ್ಮ ಹೊಳೆಯಲ್ಲಿ ನೂರು ಗಜ ತಪ್ಪಿದರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಯಾರದೋ ಬಾಳೆತೋಟ. ದೋಣಿ ನಿಧಾನವಾದರೆ ಅದರ ಮೂತಿ ಯಾವ ಕಡೆಗಿದೆ ಎಂಬುದೂ ತಮಗೆ ತಿಳಿಯದೆ, ಪರದೆಯ ಬಾಣ ಬುಗುರಿಯಂತೆ ತಿರುಗುತ್ತದೆ.

ಸಂಕ್ರಾಂತಿಯ ಮರುವಾರ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಇತ್ತು. ಅಂದು ಬೆಳಗ್ಗೆ ಎದುರಿನವರ ಮುಖ ಕಾಣದಷ್ಟು ಮಂಜು. ನಮ್ಮ ದೋಣಿ ನಡೆಸುವ ಲಾಲ್ ಸಾಬ್ ತಮ್ಮ ಪರಮಭಕ್ತ. ಹಿಂದಿನ ದಿನ ದೋಣಿ ಹೋದ ದಾರಿ ಪರದೆಯಲ್ಲಿ ಗೆರೆಯಾಗಿ ಉಳಿದಿತ್ತು. ಆ ಗೆರೆಯ ಮೇಲೆ ದೋಣಿ ತರಲು ಅವನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಗೆರೆ ಮಾತ್ರ ಸಿಗಲಿಲ್ಲ. ದಿಕ್ಕು ತಪ್ಪಿದೆಯಪ್ಪಾ, ಮೋಟಾರು ನಿಲ್ಲಿಸು ಎಂದರೆ, "ಸುಮ್ನೆ ಕೂಡ್ರಿ ಟೀಚರಮ್ಮಾ, ಮಿಷನ್ ಸುಳ್ಳು ಹೇಳಂಗಿಲ್ಲ, ಅದಕ್ಕೆ ಆಕಾಶದಾಗಿಂದ ಕಾಣ್ತೈತೆ" ಎಂದು ನನಗೇ ಸಮಾಧಾನ ಹೇಳಿದ. ಆ ಮಾತು ಮುಗಿಯುವಷ್ಟರಲ್ಲಿ ಬಂಡೆಗೆ ಬಡಿದೆವು. ಅಂಚಿನಲ್ಲಿ ಕುಳಿತಿದ್ದ ಹತ್ತನೇ ತರಗತಿಯ ರೇಖಾ ನೀರಿಗೆ ಬಿದ್ದಳು. ಅವಳ ಜಡೆ ನನ್ನ ಕೈಗೆ ಸಿಕ್ಕಿತು, ಎಳೆದುಕೊಂಡೆ. 

ಒದ್ದೆಯಾಗಿ, ಚಳಿಗೆ ಹಲ್ಲು ಕಟಕಟಿಸುತ್ತಾ, ಕೊನೆಗೊಂದು ದಡ ಮುಟ್ಟಿದೆವು. ಬಟ್ಟೆ ಒಗೆಯುವ ಸದ್ದು ಕೇಳಿ ಲಾಲ್ ಸಾಬ್ "ಹರಿಹರ ಬಂತೇನಮ್ಮಾ?" ಎಂದು ಕೂಗಿದ. ಮಂಜಿನೊಳಗಿಂದ ನಮ್ಮೂರ ಅಂಜಿನವ್ವನ ದನಿ ಬಂತು: "ಯಾವ ಹರಿಹರನೋ ನಿನ್ ಮಕ ಮುಚ್ಚ! ಹತ್ತಿದ್ದ ಕಲ್ಲಿಗೇ ಬಂದು ಇಳಿಯಾಕತ್ತೀರಲ್ಲೋ!"

ಪರೀಕ್ಷೆ ತಪ್ಪಿತು. ರೇಖಾಳ ಅಪ್ಪ ನಿಂಗರಾಜ್ ಕೂಗಾಡಲಿಲ್ಲ, ಕೂಗಾಡಿದ್ದರೆ ಉತ್ತರ ಕೊಡುತ್ತಿದ್ದೆ. "ನಿಮ್ಮನ್ನ ನಂಬಿ ಕಳಿಸಿದ್ದೆ ಟೀಚರೇ. ದಿಕ್ಕು ಗೊತ್ತಿರೋ ದೋಣಿ ಬರ್ಲಿ, ಆಮ್ಯಾಲೆ ನೋಡೋಣ" ಎಂದು ಒಳಗೆ ಹೋದ. ಮುಖ್ಯ ಪರೀಕ್ಷೆ ಹತ್ತಿರ ಬಂದಿದೆ. ಆ ಹುಡುಗಿ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾಳೆ.

ಆದ್ದರಿಂದ ಮಹಾಶಯರೇ, ತಮ್ಮ ಘನತೆಗೆ ಕುಂದು ಬಾರದಂತೆ ಕೆಲವು ಅರಿಕೆಗಳು. ಒಂದೋ ತಾವು ಉಪಗ್ರಹಗಳಿಗೆ ಶಿಫಾರಸು ಮಾಡಿ ತುಂಗಭದ್ರೆಯನ್ನು ನೂರು ಗಜ ಸರಿಸಿಕೊಡಬೇಕು, ಇಲ್ಲವೇ ಹರಿಹರವನ್ನು ಕಾರವಾರದ ಪಕ್ಕಕ್ಕೆ ಸಾಗಿಸಬೇಕು. ಎರಡೂ ಆಗದಿದ್ದರೆ ಆ ಹಿತ್ತಾಳೆ ಡಬ್ಬಿ ದೋಣಿಗೆ ವಾಪಸಾಗಲು ಒಪ್ಪಿಗೆ ಕೊಡಿ. ತಮ್ಮನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ನಡೆದ ದಾರಿಯ ಗುರುತು ತಾವಿಟ್ಟುಕೊಳ್ಳಿ, ಮೂತಿ ಎತ್ತ ಎಂಬುದನ್ನು ಅದು ಹೇಳಲಿ, ಇಬ್ಬರ ಮಾತು ಕೂಡದ ದಿನ ದೋಣಿ ಬಿಡುವುದು ಬೇಡ. ಒಂದೇ ಒಂದು ಷರತ್ತು: ಮಾತು ಬಿಟ್ಟ ವಾರಗಿತ್ತಿಯರಂತೆ ಇಬ್ಬರೂ ಮಾರು ದೂರ ಕೂರಬೇಕು. ತಮ್ಮೊಳಗೆ ಕೀಂ ಕೀಂ ಎನ್ನುವ ಸ್ಪೀಕರಿಗೆ ಆಯಸ್ಕಾಂತ ಇರುತ್ತದೆ, ಹತ್ತಿರವಿಟ್ಟರೆ ಮುಳ್ಳು ಉತ್ತರವನ್ನು ಬಿಟ್ಟು ತಮ್ಮನ್ನೇ ನೋಡುತ್ತದೆ.

ತಮ್ಮ ಬ್ಯಾಟರಿ ಎಂದೂ ಇಳಿಯದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ (ವಿಶ್ವಾಸ ಮಾತ್ರ ಆ ಬಂಡೆಯ ಬಳಿ ಮುಳುಗಿದೆ),
ಕಸ್ತೂರಮ್ಮ

ತಾ.ಕ.: ದಿಕ್ಸೂಚಿ ಕೇಳಿಕೊಂಡು ಮೊನ್ನೆ ಅಧ್ಯಕ್ಷರ ಮನೆಗೆ ಹೋಗಿದ್ದೆ. ಡಬ್ಬಿಯನ್ನು ಬಹಳ ಗೌರವದಿಂದ, ನಡುಮನೆಯಲ್ಲಿ ಟೇಪ್‌ರೆಕಾರ್ಡರಿನ ದೊಡ್ಡ ಸ್ಪೀಕರ್ ಪೆಟ್ಟಿಗೆಯ ಮಗ್ಗುಲಿಗೆ ಇಟ್ಟಿದ್ದಾರೆ. ಅಲ್ಲಿಟ್ಟೇ ಮೂಲೆ ಗುರುತಿಸಿ ಅಡುಗೆಮನೆ ಎರಡು ಸಲ ಒಡೆಸಿದ್ದಾರಂತೆ. "ಚೂರು ಸರಿಸಿದ್ರೆ ಮುಳ್ಳು ಬ್ಯಾರೆ ಕಡೆ ತೋರಿಸ್ತೈತೆ, ಯಾಕಿರಬಹುದು ಟೀಚರೇ?" ಎಂದು ಕೇಳಿದರು. ನಾನು ಚಹಾ ಕುಡಿದು ಎದ್ದು ಬಂದೆ. ಅದು ಹತ್ತನೇ ತರಗತಿಯ ಪಾಠ, ರೇಖಾಳಿಗೆ ಬಾಯಿಪಾಠ ಬರುತ್ತದೆ. ಅಧ್ಯಕ್ಷರು ಡಬ್ಬಿ ಹಿಡಿದುಕೊಂಡು ನಿಂಗರಾಜನ ಮನೆಗೆ ಬಂದು ಅವಳನ್ನೇ ಕೇಳಲಿ. ಡಬ್ಬಿ ದೋಣಿ ಹತ್ತಿ ಕೂರುವವರೆಗೆ ಬಾಯಿ ಬಿಡಬೇಡ ಎಂದು ಅವಳಿಗೆ ಹೇಳಿದ್ದೇನೆ.