ನನ್ನ ತಮ್ಮನ ಗಣಿತ ಚಿಕಿತ್ಸೆ

ನನ್ನ ತಮ್ಮ ಕೈಹಾಕಿದ ಮೇಲೆ ಕೆಡದೆ ಉಳಿದ ವಸ್ತು ಈ ಮನೆಯಲ್ಲಿಲ್ಲ ಎಂದರೆ ನೀವು ನಂಬುತ್ತೀರಾ? ಚಾಂದ್‌ಖೇಡಾದ ನಮ್ಮ ಫ್ಲ್ಯಾಟಿಗೆ ಬನ್ನಿ, ಮಿಕ್ಸಿ ತೋರಿಸುತ್ತೇನೆ! ಎಣ್ಣೆ ಕಂಪನಿಯಲ್ಲಿ ಜೀವಮಾನವೆಲ್ಲ ಲೆಕ್ಕ ಹಾಕಿ ರಿಟೈರಾದವನು, ಈಗ ನನ್ನ ಮೊಮ್ಮಗಳನ್ನು ರಿಪೇರಿಗೆ ಹಿಡಿದಿದ್ದಾನೆ.

ಹತ್ತನೇ ಕ್ಲಾಸಿನ ಆ ಹುಡುಗಿಗೆ ಆರ್ಕಿಟೆಕ್ಟ್ ಆಗುವ ಆಸೆ. ಆದರೆ ಗಣಿತದ ಪೇಪರ್ ಕಂಡರೆ ಹೆದರಿ, ಬಂದದ್ದೂ ಮರೆಯುತ್ತದೆ. ಅರ್ಧವಾರ್ಷಿಕದಲ್ಲಿ ಫೇಲ್! ಬೋರ್ಡ್ ಪರೀಕ್ಷೆಯಲ್ಲೂ ಹೀಗಾದರೆ ಆಸೆಗೆ ಗುಡ್‌ಬೈ.

“ಅವಳು ದಡ್ಡಿ ಅಲ್ಲ ಅಕ್ಕಾ. ಅವಳ ಲರ್ನಿಂಗ್ ಸ್ಟೈಲ್ ಯಾರೂ ಕಂಡುಹಿಡಿದಿಲ್ಲ” ಎಂದ. ಕೆಲವರು ಕೇಳಿ ಕಲಿಯುತ್ತಾರಂತೆ, ಕೆಲವರು ನೋಡಿ, ಕೆಲವರು ಮಾಡಿ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳಿಗೆ ಗೊತ್ತಿದ್ದದ್ದು ಒಂದೇ ಸ್ಟೈಲ್: ಫುಟ್‌ರೂಲರ್!

ಮೊದಲು ಕೇಳಿಸುವ ಚಿಕಿತ್ಸೆ. ಪೈಥಾಗರಸ್ ಪ್ರಮೇಯವನ್ನು ಕಲ್ಯಾಣಿ ರಾಗದಲ್ಲಿ ಎಳೆದ ಎಳೆತಕ್ಕೆ, ಪೂಜೆಯೆಂದುಕೊಂಡು ಎದುರುಮನೆಯ ಗುಜರಾತಿ ಹೆಂಗಸು ಪ್ರಸಾದಕ್ಕೇ ಬಂದರು!

“ತಾತಾ, ಅಲ್ಲಿ ಪ್ಲಸ್ ಬರ್ಬೇಕು, ನೀವು ಮೈನಸ್ ಹಾಡ್ತಿದೀರಿ!”

ಆಮೇಲೆ ನೋಡಿಸುವುದು. ನನ್ನ ಬ್ರೇಕ್‌ಫಾಸ್ಟಿನ ಖಾಖರಾವನ್ನು, ಹಪ್ಪಳದಂಥ ಆ ದುಂಡು ರೊಟ್ಟಿಯನ್ನು, ಕತ್ತರಿಸಿ, “ಈ ತುಂಡಿನ ಕೋನ ತೊಂಬತ್ತು ಡಿಗ್ರಿ. ಅಂದ್ರೆ ಪೂರ್ತಿ ಖಾಖರಾದ ಮೂರನೇ ಒಂದು” ಎಂದ.

“ನಾಲ್ಕನೇ ಒಂದು! ಗಾಡ್, ತಾತಾ!”

ಉಳಿದ ಮುಕ್ಕಾಲು ಭಾಗ ಸೋಫಾದ ಸಂದಿಯಲ್ಲಿ ಪುಡಿಯಾಗಿತ್ತು, ಗುಡಿಸಿದವಳು ಯಾರು? ನಾನೇ!

ಕೊನೆಗೆ ಇಲ್ಲಿನ ಗಾಳಿಪಟದ ಹಬ್ಬ ಉತ್ತರಾಯಣದಂದು ಟೆರೇಸಿನಲ್ಲಿ ಮಾಡಿಸುವ ಚಿಕಿತ್ಸೆ. ಗಾಳಿಪಟದ ದಾರ ನೂರು ಮೀಟರ್, ಕೋನ ಮೂವತ್ತು. “ಎತ್ತರ ಎಂಬತ್ತೇಳು ಮೀಟರ್!” ಎಂದು ಘೋಷಿಸಿದ.

“ಸೈನ್ ಹಾಕಿ ತಾತಾ, ಕಾಸ್ ಅಲ್ಲ! ಐವತ್ತು!” ಎಂದು ಇವಳು ಕೂಗುವಷ್ಟರಲ್ಲಿ ಪಕ್ಕದ ಟೆರೇಸಿನವರು “ಕಾಪ್ಯೋ ಛೇ!” ಎಂದು ಕೂಗಿ ನಮ್ಮ ದಾರ ಕತ್ತರಿಸಿಬಿಟ್ಟರು. ಪಟವೂ ಇಲ್ಲ, ಎತ್ತರವೂ ಇಲ್ಲ!

ಕೆಳಗೆ ಬಂದ ಹುಡುಗಿ ತಾನಾಗಿಯೇ ಪುಸ್ತಕ ತೆರೆದಳು. ಹೆದರದೆ ಒಂದರ ಹಿಂದೊಂದು ಲೆಕ್ಕ ಮಾಡಿದಳು. ನನ್ನ ಕಿವಿಯಲ್ಲಿ ಹೇಳಿದಳು, “ಪಾಪ ಅಜ್ಜಿ, ತಾತಂಗೆ ಮ್ಯಾಥ್ಸ್ ಎಲ್ಲಾ ಮರ್ತೋಗಿದೆ. ಡೋಂಟ್ ವರಿ, ನಾನೇ ಡೈಲಿ ಹೇಳ್ಕೊಡ್ತೀನಿ.”

ಈ ವಯಸ್ಸಿನಲ್ಲಿ ಮರೆವೆಂದರೆ ತಮಾಷೆಯೇ? ಬಾಲ್ಕನಿಯಲ್ಲಿ ದಾರ ಸುತ್ತುತ್ತಿದ್ದವನ ಬಳಿ ಓಡಿದೆ.

“ಲೋ, ಹದಿನೇಳು ಹದಿಮೂರ್ಲಿ ಎಷ್ಟೋ?”

“ಇನ್ನೂರ ಇಪ್ಪತ್ತೊಂದು.” ತಲೆಯನ್ನೂ ಎತ್ತಲಿಲ್ಲ. “ಮೆಲ್ಲಗೆ ಕೇಳೇ ಅಕ್ಕಾ. ಅವಳಿಗೆ ಕೇಳಿಸಿಬಿಟ್ಟೀತು!”